ಡ್ರೈವರ್ ಸೀಟಿನಲ್ಲಿ ಕೂರಿಸಿದ ಕ್ಯಾಮೆರಾ

ತುಮಕೂರಿನಲ್ಲಿ ನನ್ನ ಕೆಲಸಕ್ಕೆ ‘ತ್ರೀಡಿ’ ಎಂದೇ ಹೆಸರು. ಮನೆ ಕಟ್ಟಿಸುವವರು ಬಂದು, “ಒಂದು ತ್ರೀಡಿ ಮಾಡ್ಕೊಡಿ ಮೇಡಂ” ಎನ್ನುತ್ತಾರೆ. ಅವರ ಬಳಿ ಇರುವುದು ಮೂವತ್ತು-ನಲವತ್ತರ ಸೈಟು, ಬೇಕಾಗಿರುವುದು ಅರಮನೆಯ ಚಿತ್ರ. ನಾನು ಕಂಪ್ಯೂಟರಿನೊಳಗೆ ಅವರ ಮನೆಯನ್ನು ಉದ್ದ, ಅಗಲ, ಎತ್ತರ ಸಮೇತ ಕಟ್ಟುತ್ತೇನೆ. ಅದರ ಮುಂದೆ ಒಂದು ಲೆಕ್ಕದ ಕ್ಯಾಮೆರಾ ನಿಲ್ಲಿಸಿ, ಅದಕ್ಕೆ ಕಂಡದ್ದನ್ನು ಚಪ್ಪಟೆ ಚಿತ್ರವಾಗಿ ತೆಗೆದುಕೊಡುತ್ತೇನೆ. ಕ್ಯಾಮೆರಾಕ್ಕೆ ಅಗಲದ ಲೆನ್ಸ್ ಹಾಕಿಬಿಟ್ಟರೆ ಮನೆಯ ಮುಂದಿನ ಇಪ್ಪತ್ತಡಿ ಗಲ್ಲಿ ರಾಜಬೀದಿಯಾಗುತ್ತದೆ. ಇದುವರೆಗೂ ಯಾರೂ ತಕರಾರು ತೆಗೆದಿಲ್ಲ. ಗೃಹಪ್ರವೇಶದ ದಿನ ಅದೇ ರಾಜಬೀದಿಯಲ್ಲಿ ನೆಂಟರು ಕಾರು ತಿರುಗಿಸಲಾಗದೆ ಒದ್ದಾಡುತ್ತಾರೆ, ಅಷ್ಟೇ.

ಹೀಗಿರುವಾಗ ವಕೀಲರೊಬ್ಬರು ಒಬ್ಬ ಬಸ್ ಡ್ರೈವರನ್ನು ಜೊತೆಗೆ ಕರೆದುಕೊಂಡು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. “ಮನೆ ಅಲ್ಲ ಮೇಡಂ. ಒಂದು ಆಕ್ಸಿಡೆಂಟ್ ಮಾಡ್ಕೊಡ್ಬೇಕು” ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಡ್ರೈವರಂತೂ ಕುರ್ಚಿಯ ತುದಿಯಲ್ಲಿ ಕೂತು ಎರಡೂ ಅಂಗೈಗಳನ್ನು ಮಂಡಿಗೆ ಉಜ್ಜುತ್ತಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಕುಣಿಗಲ್ ಪೇಟೆಯವರು. ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಖಾಸಗಿ ಬಸ್ಸೊಂದನ್ನು ವರ್ಷಾನುಗಟ್ಟಲೆ ಓಡಿಸಿದವರು. ಕೊತ್ತಗೆರೆಯ ಹತ್ತಿರ, ಬೆಳಗಿನ ಬಿಸಿಲಿನಲ್ಲಿ, ಬಲಗಡೆಯ ತೋಟದ ದಾರಿಯಿಂದ ಬಂದ ಒಂದು ಮೊಪೆಡ್ಡಿಗೆ ಅವರ ಬಸ್ಸು ಗುದ್ದಿತ್ತು. ಮೊಪೆಡ್ಡಿನಲ್ಲಿದ್ದವರು ಆ ತೋಟದ ಗೌಡರು. ಡೇರಿಗೆ ಹಾಲು ಹಾಕಲು ಹೊರಟಿದ್ದವರು ಎಡಗಾಲು ಮುರಿದುಕೊಂಡು, ರಾಡ್ ಹಾಕಿಸಿಕೊಂಡು ಮಲಗಿದ್ದರು. ಡ್ರೈವರ್ ಮೇಲೆ ಕೇಸಾಗಿತ್ತು. ಲೈಸೆನ್ಸ್ ಕೈಬಿಟ್ಟು ಹೋಗಿತ್ತು.

“ಇವ್ರು ಒಂದೇ ಮಾತು ಹೇಳ್ತಾರೆ, ಕಾಣ್ಲೇ ಇಲ್ಲ ಅಂತ” ಎಂದರು ವಕೀಲರು. “ಹಗಲು ಹೊತ್ತು, ನೆಟ್ಟಗಿರೋ ರಸ್ತೆ. ಕೋರ್ಟಲ್ಲಿ ಹೋಗಿ ಕಾಣ್ಲಿಲ್ಲ ಅಂದ್ರೆ ಯಾರ್ ನಂಬ್ತಾರೆ? ಯಾಕೆ ಕಾಣ್ಲಿಲ್ಲ ಅಂತ ನೀವು ತೋರಿಸ್ಬೇಕು. ಡ್ರೈವರ್ ಕಣ್ಣಿಗೆ ಏನ್ ಕಾಣ್ತಿತ್ತು, ಆ ಚಿತ್ರ ಬೇಕು.”

ಆಗ ಡ್ರೈವರ್ ಬಾಯಿ ಬಿಟ್ಟರು. “ಎಲ್ಲಾರೂ ನಿದ್ದೆ ಮಾಡ್ದ ಅಂತವ್ರೆ ಮೇಡಂ. ಫೋನ್ ನೋಡ್ತಿದ್ದ ಅಂತಾನೂ ಅಂದ್ರು. ಫೋನು ಜೇಬಲ್ಲೇ ಇತ್ತು, ಅದು ನಂಗೊತ್ತು. ನಿದ್ದೆ ವಿಚಾರ ಮಾತ್ರ ಗೊತ್ತಿಲ್ಲ. ಕಣ್ ಬಿಟ್ಕೊಂಡೇ ನಿದ್ದೆ ಬರುತ್ತಂತೆ. ಕಣ್ ಟೆಸ್ಟ್ ಮಾಡಿಸ್ದೆ, ಸರಿಯಾಗೈತೆ ಅಂದ್ರು. ಹಂಗಾದ್ರೆ ಇನ್ನೇನು? ಕೇಸು ಹೆಂಗಾದ್ರೂ ಆಗ್ಲಿ, ಅದೊಂದ್ ಗೊತ್ತಾಗ್ಬೇಕು. ಗೊತ್ತಾಗ್ದೆ ಮತ್ತೆ ಸ್ಟೇರಿಂಗ್ ಮೇಲೆ ಕೈ ಇಡಾಕ್ ಆಗಲ್ಲ.”

ನನಗೆ ಕೂತಲ್ಲಿ ಕೂರಲಾಗದ ಸ್ವಭಾವ. ಪೆನ್ನಿನ ತಲೆ ಒತ್ತುತ್ತಲೇ ಇರುತ್ತೇನೆ. ಆ ಮಾತು ಕೇಳಿ ಪೆನ್ನು ಕೆಳಗಿಟ್ಟೆ, ಆಗಲಿ ಎಂದೆ. ಎದುರಿಗಿದ್ದವರ ಸಂಕಟ ನೋಡಿ ಒಪ್ಪಿಕೊಂಡ ಕೆಲಸ, ಆಮೇಲೆ ಅದರ ಪಾಡು ನನಗೇ ತಿಳಿಯಿತು.

ಮೊದಲು ರಸ್ತೆ ಕಟ್ಟಬೇಕಿತ್ತು. ಪೊಲೀಸರ ಮಹಜರಿನಲ್ಲಿ ಎರಡು ವಿಷಯ ಸ್ಪಷ್ಟವಾಗಿದ್ದವು. ರಸ್ತೆಯ ಅಡಿಯಲ್ಲಿ ಒಂದು ಮೋರಿ ಇದೆ. ಆ ಮೋರಿಯಿಂದ ಕುಣಿಗಲ್ ಕಡೆಗೆ ಸುಮಾರು ಇಪ್ಪತ್ತು ಮೀಟರ್ ದೂರದಲ್ಲಿ ಮೊಪೆಡ್ ಬಿದ್ದಿತ್ತು. ಆದರೆ ತೋಟದ ದಾರಿ ರಸ್ತೆಗೆ ಎಲ್ಲಿ ಕೂಡುತ್ತಿತ್ತು ಎನ್ನುವುದು ಇರಲಿಲ್ಲ. ಅಪಘಾತದ ನಂತರ ರಸ್ತೆ ಅಗಲ ಮಾಡುವವರು ಬಂದು ಹಳೆಯ ದಾರಿಯ ಬಾಯಿಗೆ ಮಣ್ಣು ಸುರಿದು, ಬೇರೆ ಕಡೆ ಇಳಿಜಾರು ಮಾಡಿಕೊಟ್ಟಿದ್ದರು. ಹಳೆಯ ಜಾಗ ಬಲ್ಲವರು ಗೌಡರೇ. ವಕೀಲರು ಬೇಡ ಬೇಡ ಎನ್ನುತ್ತಿದ್ದರೂ ನಾನೇ ಅವರಿಗೆ ಫೋನ್ ಮಾಡಿದೆ.

ಗೌಡರು ಬೈಯುತ್ತಾರೆಂದುಕೊಂಡಿದ್ದೆ. ಅವರಿಗೋ ಖುಷಿಯೇ ಆಯಿತು. “ಮಾಡಿ ಮಾಡಿ. ಚಿತ್ರ ಬಂದ್ರೆ ಗೊತ್ತಾಯ್ತದೆ ನಾನೆಷ್ಟು ಎದ್ದು ಕಾಣ್ತಿದ್ದೆ ಅಂತ. ಬರ್ಕಳಿ” ಎಂದರು. ಮೋರಿಯಿಂದ ಕುಣಿಗಲ್ ಕಡೆಗೆ ಹತ್ತು ಎಂದು ಶುರುಮಾಡುವಷ್ಟರಲ್ಲಿ ಸಿಗ್ನಲ್ ಕಡಿಯಿತು. ಮತ್ತೆ ಮಾಡಿದಾಗ ಅದನ್ನೇ ಹೇಳಿದರು. ನನಗೆ ಕೇಳಿಸಿದ್ದು ಹತ್ತು ಮೀಟರು. ಹಾಗೇ ಬರೆದುಕೊಂಡೆ.

ಬಸ್ಸನ್ನು ನಾನು ಕಟ್ಟಲಿಲ್ಲ. ಇಂಟರ್‌ನೆಟ್ಟಿನಲ್ಲಿ ತಯಾರಿ ಬಸ್ಸುಗಳು ಸಿಗುತ್ತವೆ. ಹೊರದೇಶದ ಒಂದು ಚೆಂದದ ಬಸ್ಸನ್ನು ತಂದು, ಸ್ಟೇರಿಂಗನ್ನು ಎಡದಿಂದ ಬಲಕ್ಕೆ ದಾಟಿಸಿ, ಡ್ರೈವರ್ ತಲೆ ಇರುವ ಜಾಗದಲ್ಲಿ ಕ್ಯಾಮೆರಾ ಇಟ್ಟೆ. ಮೊಪೆಡ್ ದಾರಿಯಿಂದ ಬಂದು ರಸ್ತೆಗೆ ಹತ್ತಬೇಕು, ಡ್ರೈವರ್ ಹೇಳಿದಂತೆ ಬಸ್ಸು ಮೋರಿಯ ಉಬ್ಬಿನ ಬಳಿ ನಿಧಾನವಾಗಿ ಮತ್ತೆ ಹೊರಡಬೇಕು, ಎರಡೂ ಮೊಪೆಡ್ ಬಿದ್ದ ಜಾಗದಲ್ಲಿ ಕೂಡಬೇಕು. ಹಾಗೆ ಲೆಕ್ಕ ಹೊಂದಿಸಿ ಚಿತ್ರಗಳ ಸಾಲನ್ನು ತೆಗೆಯಲು ಬಿಟ್ಟೆ. ಪರದೆಯ ಮೇಲೆ ಅದು ಎಷ್ಟು ಭಾಗ ಮುಗಿಯಿತೆಂದು ತೋರಿಸುವ ಪಟ್ಟಿ ಆಮೆಯಂತೆ ತೆವಳುತ್ತಿದ್ದರೆ ನಾನು ರೂಮಿನ ತುಂಬ ಓಡಾಡಿದೆ.

ಚಿತ್ರ ಬಂತು. ಮೊಪೆಡ್ ನಿಚ್ಚಳವಾಗಿ ಕಾಣುತ್ತಿತ್ತು. ದಾರಿಯಿಂದ ಹೊರಬಂದು, ಕುಣಿಗಲ್ ಕಡೆಗೆ ತಿರುಗಿ, ಬಸ್ಸಿನ ಮೂತಿಯ ಮುಂದೆಯೇ ಹತ್ತು ಮೀಟರು ಓಡಿದ ಮೇಲೆ ಗುದ್ದಿಸಿಕೊಳ್ಳುತ್ತಿತ್ತು. ಕುರುಡನಿಗೂ ಕಾಣಬೇಕಿತ್ತು.

ಡ್ರೈವರ್ ಅದನ್ನು ಒಂದೇ ಸಲ ನೋಡಿದರು. “ಹಂಗಾದ್ರೆ ನಿದ್ದೇನೇ” ಎಂದರು. ಸ್ವರದಲ್ಲಿ ಏನೂ ಇರಲಿಲ್ಲ.

ವಕೀಲರು ನನ್ನ ಕುರ್ಚಿಯ ಪಕ್ಕಕ್ಕೆ ಬಗ್ಗಿ, “ಲೆನ್ಸ್ ಬದಲಾಯಿಸ್ಬಹುದಲ್ವಾ?” ಎಂದರು. “ಮನೆಗಳಿಗೆ ಮಾಡ್ತೀರಲ್ಲ. ಸ್ವಲ್ಪ ಅಗಲ ಮಾಡಿ. ಗಾಡಿ ದೂರ ಹೋಗುತ್ತೆ, ಸೊಳ್ಳೆ ಥರ ಕಾಣುತ್ತೆ.”

ಮಾಡಿದೆ. ನಿಜಕ್ಕೂ ಸೊಳ್ಳೆಯಾಯಿತು. ಅದೇ ಬಸ್ಸು, ಅದೇ ಮೊಪೆಡ್ಡು, ಮೀಟರಿನಷ್ಟೂ ಯಾವುದೂ ಆಚೀಚೆ ಆಗಿರಲಿಲ್ಲ. ಅಗಲದ ಲೆನ್ಸಿಗೆ ಅಕ್ಕಪಕ್ಕದ ತೆಂಗಿನ ಮರಗಳೆಲ್ಲ ಒಳಗೆ ಬಂದವು, ನಡುವಿನ ಗಾಡಿ ಚಿಕ್ಕದಾಗಿ ಹೋಯಿತು. ವಕೀಲರ ಮುಖ ಅರಳಿತು. ನನಗೆ ಮಾತ್ರ ಇರಿಸುಮುರಿಸು. ಮನೆಯ ಮುಂದಿನ ಗಲ್ಲಿ ಅಗಲವಾದರೆ ನೆಂಟರಿಗೆ ತೊಂದರೆ, ಇಲ್ಲಿ ಒಬ್ಬರ ಕಾಲು ಮುರಿದಿದೆ, ಇನ್ನೊಬ್ಬರು ತಮ್ಮ ಕಣ್ಣನ್ನೇ ನಂಬದೆ ಕೂತಿದ್ದಾರೆ. ಸೊಳ್ಳೆಯ ಚಿತ್ರ ಡ್ರೈವರಿಗೆ ಏನು ಹೇಳುತ್ತದೆ? “ಬಸ್ಸನ್ನೇ ಒಂದ್ಸಲ ನೋಡ್ಬೇಕು. ಅಲ್ಲೀವರ್ಗೂ ಏನೂ ಕೊಡಲ್ಲ” ಎಂದೆ. ವಕೀಲರು ತಮ್ಮ ಬ್ಯಾಗು ಎತ್ತಿಕೊಂಡು, ಹೇಳದೆಯೇ ಹೊರಟರು.

ಬಸ್ಸು ಗುಬ್ಬಿಯಲ್ಲಿ ಮಾಲೀಕರ ಶೆಡ್ಡಿನಲ್ಲಿ ನಿಂತಿತ್ತು. ಡ್ರೈವರೇ ನನ್ನನ್ನು ಕರೆದುಕೊಂಡು ಹೋದರು. ಸೀಟಿನಲ್ಲಿ ಕೂತ ಕೂಡಲೇ ನನ್ನ ತಪ್ಪು ಮುಖಕ್ಕೆ ರಾಚಿತು. ನನ್ನ ಹೊರದೇಶದ ಬಸ್ಸಿನಲ್ಲಿ ಮುಂದಿನ ಗಾಜಿನ ಅಂಚಿನ ಕಂಬ ಕೋಲಿನಷ್ಟು ಸಣ್ಣದಿತ್ತು. ಇಲ್ಲಿಯದು ಲೋಕಲ್ ಬಾಡಿ, ಬಲಗಡೆಯ ಕಂಬ ನನ್ನ ತೊಡೆಯಷ್ಟು ದಪ್ಪ. ಅದರ ಹೊರಗೆ ದೊಡ್ಡ ಕನ್ನಡಿ, ಕನ್ನಡಿ ಹಿಡಿದ ಕಬ್ಬಿಣ. ಒಳಗೆ ಕುಚ್ಚು ಇಳಿಬಿಟ್ಟ ಪರದೆ, ಪ್ಲಾಸ್ಟಿಕ್ ಹೂವಿನ ಹಾರ. ಅದೇ ಮೂಲೆಯಲ್ಲಿ ಮಾಲೀಕರ ಮನೆದೇವರ ಹೆಸರು, ಅದರ ಕೆಳಗೆ ಡ್ರೈವರ್ ಅಂಟಿಸಿದ್ದ ೭೮೬.

“ಇಷ್ಟೆಲ್ಲಾ ಇಟ್ಕೊಂಡು ರಸ್ತೆ ಹೆಂಗ್ರೀ ನೋಡ್ತೀರ?” ಎಂದೆ.

“ಎಲ್ಲಾ ಬಸ್ಸಲ್ಲೂ ಹಿಂಗೇ ಇರದು ಮೇಡಂ. ಬರಿ ಗ್ಲಾಸು ಬೋಳು ಹಣೆ ಇದ್ದಂಗಿರ್ತದೆ ಅಂತಾರೆ ಮಾಲೀಕ್ರು.”

ಟೇಪು ಹಿಡಿದು ಎಲ್ಲವನ್ನೂ ಅಳೆದೆ. ಅವರನ್ನು ಸೀಟಿನಲ್ಲಿ ಕೂರಿಸಿ ಕಣ್ಣಿನ ಎತ್ತರ ಅಳೆದೆ. ನಾನು ಮಾಡುವುದೇನೆಂದು ಅವರಿಗೆ ತಿಳಿಯಲಿ ಎಂದು ಬಿಳಿ ಬೋರ್ಡಿಗೆ ಬರೆಯುವ ಮಾರ್ಕರ್ ಕೊಟ್ಟು, “ಒಂದು ಕಣ್ಣು ಮುಚ್ಚಿ. ತಲೆ ಅಲುಗಾಡಿಸ್ಬೇಡಿ. ಹೊರಗೆ ಕಾಣೋ ತೆಂಗಿನ ಮರದ ಮೇಲೆ ಗಾಜಿನಲ್ಲೇ ಗೆರೆ ಎಳೀರಿ” ಎಂದೆ. ಎಳೆದರು. ಗಾಜಿನ ಮೇಲೆ ಬೆರಳುದ್ದದ ಮರ ಮೂಡಿತು.

“ಕಂಪ್ಯೂಟರ್ ಮಾಡೋದು ಇದನ್ನೇ. ಮರದ ತುದಿಯಿಂದ ನಿಮ್ಮ ಕಣ್ಣಿಗೆ ಒಂದು ದಾರ ಕಟ್ಟಿದ್ರೆ ಅದು ಗಾಜನ್ನ ಎಲ್ಲಿ ಮುಟ್ಟುತ್ತೋ ಅಲ್ಲೊಂದು ಚುಕ್ಕೆ. ಬುಡದಿಂದ ಒಂದು ದಾರ, ಅಲ್ಲೊಂದು ಚುಕ್ಕೆ. ಮರ ಎರಡರಷ್ಟು ದೂರ ಹೋದ್ರೆ ಗಾಜಿನ ಮೇಲೆ ಅರ್ಧ ಆಗುತ್ತೆ. ದೂರದಿಂದ ಭಾಗಿಸೋದು, ಅಷ್ಟೇ ಲೆಕ್ಕ.”

ಅವರು ತಲೆ ಸ್ವಲ್ಪ ಸರಿಸಿದರು. ಗೆರೆಯ ಮರ ನಿಜವಾದ ಮರದಿಂದ ಕಳಚಿಕೊಂಡು ಪಕ್ಕಕ್ಕೆ ಹೋಯಿತು. ಮತ್ತೆ ಮೊದಲಿನ ಜಾಗಕ್ಕೆ ತಂದರು, ಕೂಡಿಕೊಂಡಿತು. ನಾಲ್ಕೈದು ಸಲ ಹಾಗೇ ಮಾಡಿದರು. “ಲೆನ್ಸಲ್ಲೇನಿಲ್ಲ ಅನ್ನಿ. ಎಲ್ಲಿ ಕೂತವ್ನೆ ಅನ್ನೋದ್ರಲ್ಲಿ ಐತೆ” ಎಂದರು. ಅವರ ಮುಖದಲ್ಲಿ ಅಂದು ಮೊದಲ ಬಾರಿಗೆ ಕುತೂಹಲ ಕಂಡೆ.

ತುಮಕೂರಿಗೆ ಬಂದು ಆ ಬಸ್ಸನ್ನು ಹೂವಿನ ಹಾರದ ಸಮೇತ ಕಟ್ಟಿದೆ. ಕಂಬ ದಪ್ಪವಾದರೆ ಸಾಕು, ಮೊಪೆಡ್ ಅದರ ಹಿಂದೆ ಹೋಗುತ್ತದೆ ಎಂದು ನಂಬಿದ್ದೆ. ಹೋಗಲಿಲ್ಲ. ರಸ್ತೆಯ ಮೇಲೆ ಹತ್ತು ಮೀಟರು ಓಡುವ ಗಾಡಿಯನ್ನು ಯಾವ ಕಂಬ ಮರೆಮಾಡೀತು? ಕುರ್ಚಿ, ಕಿಟಕಿ, ಮತ್ತೆ ಕುರ್ಚಿ. ಕೆಳಗಿನ ಅಂಗಡಿಯಿಂದ ಟೀ ಮೇಲೆ ಟೀ ತರಿಸಿದೆ. ಹೊಸ ಮನೆಯ ಕೆಲಸ ಕೊಟ್ಟವರೊಬ್ಬರು ಫೋನ್ ಮಾಡಿ ಕಾಂಪೌಂಡಿನ ಬಣ್ಣ ಕೇಳಿದರೆ, ಯಾವುದಾದರೂ ಬಳಿದುಕೊಳ್ಳಿ ಎಂದು ಸಿಡುಕಿದೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಗೌಡರ ಎಡಗಾಲು. ನನ್ನ ಚಿತ್ರದಲ್ಲಿ ಬಸ್ಸು ಮೊಪೆಡ್ಡಿನ ಹಿಂಬದಿಗೆ ಗುದ್ದುತ್ತಿತ್ತು. ಮಹಜರಿನಲ್ಲಿ ಜಜ್ಜಿಹೋಗಿದ್ದು ಗಾಡಿಯ ಎಡಮಗ್ಗುಲು, ಮುರಿದದ್ದು ಎಡಗಾಲು. ಹಿಂದಿನಿಂದ ಗುದ್ದಿಸಿಕೊಂಡವರಿಗೆ ಎಡಗಾಲೊಂದೇ ಹೇಗೆ ಮುರಿಯುತ್ತದೆ? ಮೇಲಾಗಿ ಡೇರಿ ಇರುವುದು ರಸ್ತೆಯ ಆಚೆ ಬದಿಯಲ್ಲಿ. ಅಡ್ಡ ದಾಟಿದರೆ ಮುಗಿಯಿತು, ಕುಣಿಗಲ್ ಕಡೆಗೆ ತಿರುಗುವ ಕೆಲಸವೇ ಅವರಿಗಿರಲಿಲ್ಲ. ಎಲ್ಲೋ ಅಳತೆ ಕೆಟ್ಟಿತ್ತು. ಮಾರನೆಯ ದಿನವೇ ಕೊತ್ತಗೆರೆಯ ಕಡೆ ಹೊರಟೆ.

ಗೌಡರು ಊರುಗೋಲು ಹಿಡಿದು ರಸ್ತೆಬದಿಗೇ ಬಂದು ನಿಂತಿದ್ದರು. ಅವರ ಹೆಂಡತಿ ಪಕ್ಕದಲ್ಲಿ. ಹತ್ತು ಮೀಟರು ಎಂದು ನಾನು ಟೇಪು ಬಿಚ್ಚಿದ್ದೇ ತಡ, ಗೌಡರು ತಡೆದರು.

“ಹತ್ತು ಮೀಟ್ರಾ? ಯಾರಂದೋರು? ಹತ್ತು ಮಾರು ಅಂದೆ ಕಣವ್ವಾ.”

ನನಗೆ ಮಾರು ಎಂದರೆ ಹೂವು. ಶುಕ್ರವಾರ ಮಾರ್ಕೆಟ್ಟಿನ ಬಳಿ ಒಂದು ಮಾರು ಕಾಕಡ ಕೊಳ್ಳುತ್ತೇನೆ, ಹೂವಿನವಳ ಕೈ ಅಷ್ಟು ಗಿಡ್ಡವೇಕೆ ಎಂದು ಜಗಳವಾಡುತ್ತೇನೆ. ರಸ್ತೆಯನ್ನು ಮಾರಿನಲ್ಲಿ ಅಳೆಯುತ್ತಾರೆಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹತ್ತರ ಮುಂದೆ ಮೀಟರೇ ಬರುತ್ತದೆಂದು ಕಿವಿ ಮೊದಲೇ ತೀರ್ಮಾನ ಮಾಡಿಕೊಂಡಿತ್ತು.

“ಪೈಪ್ ಎಳೆಸ್ದಾಗ ನಾನೇ ಅಳ್ದಿದ್ದೆ” ಎಂದು ಗೌಡರು ಊರುಗೋಲನ್ನು ಹೆಂಡತಿಯ ಕೈಗೆ ಕೊಟ್ಟು, ಎರಡೂ ತೋಳು ಚಾಚಿ ನಿಂತರು. “ಮೋರಿಯಿಂದ ದಾರಿ ಬಾಯ್ಗೆ ನನ್ನ ಕೈಯಾಗೆ ಹತ್ತು ಮಾರು ಪೈಪು ಹಿಡೀತು.”

“ಒಂಟಿ ಕಾಲಲ್ಲಿ ನಿಂತ್ಕಂಡು ಬೀಳ್ಬೇಡಿ ಮತ್ತೆ” ಎಂದು ಹೆಂಡತಿ ಬೈಯುತ್ತಲೇ ಟೇಪಿನ ಒಂದು ತುದಿ ಹಿಡಿದುಕೊಂಡರು. ನಾನು ಇನ್ನೊಂದು ತುದಿಯನ್ನು ಗೌಡರ ನಡುಬೆರಳಿಗೆ ಮುಟ್ಟಿಸಿದೆ. ಆರಡಿಗೆ ಚೂರು ಕಡಿಮೆ. ಹತ್ತು ಮಾರು ಎಂದರೆ ಹದಿನೆಂಟು ಮೀಟರ್ ಚಿಲ್ಲರೆ. ಮೊಪೆಡ್ ಬಿದ್ದಿದ್ದ ಜಾಗಕ್ಕೆ ಹೆಚ್ಚುಕಮ್ಮಿ ಎದುರಿಗೇ ದಾರಿಯ ಬಾಯಿ ಬಂತು. ಗೌಡರು ತಿರುಗಿಯೇ ಇರಲಿಲ್ಲ. ನೆಟ್ಟಗೆ ಅಡ್ಡ ದಾಟಿದ್ದರು.

“ಬಸ್ಸು ಬರೋದು ನಿಮ್ಗೆ ಕಾಣ್ಲಿಲ್ವಾ?” ಎಂದು ಕೇಳಿದೆ.

“ಕಾಣ್ತು. ಮೋರಿ ತಾವ ನಿಧಾನ ಮಾಡ್ದ. ನನ್ನ ನೋಡೇ ನಿಧಾನ ಮಾಡ್ದ, ದಾಟ್ಕಳ್ಳಿ ಅಂತ ಬುಟ್ಟ ಅನ್ಕಂಡೆ. ಆಮೇಲ್ ನೋಡಿದ್ರೆ ಮೈಮೇಲೇ ಬಂದ” ಎಂದರು. ಅಪಘಾತದ ಸಿಟ್ಟು ಇನ್ನೂ ಹಸಿಯಾಗಿತ್ತು. “ಈಗ ಅಲ್ಲಿಟ್ಟು ನೋಡಿ. ಬೆಟ್ಟದಂಗೆ ಕಾಣ್ತೀನಿ.”

ಅಲ್ಲಿಟ್ಟು ನೋಡಿದೆ. ಮೊಪೆಡ್ ಇರಲೇ ಇಲ್ಲ.

ಮೊದಲಿಗೆ ಕಂಪ್ಯೂಟರಿನದೇ ಎಡವಟ್ಟು ಅಂದುಕೊಂಡೆ. ಗಾಡಿಯನ್ನು ಎಲ್ಲೋ ಅಳಿಸಿಬಿಟ್ಟಿರಬೇಕು ಎಂದು ಹುಡುಕಿದೆ. ಇತ್ತು. ಬಸ್ಸಿನ ಕಂಬವನ್ನು ಅಡಗಿಸಿದೆ, ಗಾಡಿ ಕಂಡಿತು. ಕಂಬ ವಾಪಸು ತಂದೆ, ಮಾಯ. ಕಂಪ್ಯೂಟರು ಚಿತ್ರದ ಪ್ರತಿ ಚುಕ್ಕೆಗೂ ಒಂದೇ ಪ್ರಶ್ನೆ ಕೇಳುತ್ತದೆ: ಈ ಜಾಗದಲ್ಲಿ ಕಣ್ಣಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಯಾವುದು? ಹತ್ತಿರದ್ದರ ಬಣ್ಣ ಉಳಿಸಿಕೊಳ್ಳುತ್ತದೆ, ಹಿಂದಿನದನ್ನು ಎಸೆಯುತ್ತದೆ. ಆ ಚುಕ್ಕೆಗಳಲ್ಲೆಲ್ಲ ಹತ್ತಿರ ಇದ್ದದ್ದು ಕಂಬ. ಎಸೆಯಲ್ಪಟ್ಟವರು ಗೌಡರು.

ಒಂದು ಚಿತ್ರವಲ್ಲ, ಸಾಲಿನ ಹೆಚ್ಚುಕಡಿಮೆ ಎಲ್ಲ ಚಿತ್ರದಲ್ಲೂ ಹಾಗೇ. ಬಸ್ಸೂ ಸಾಗುತ್ತಿದೆ, ಮೊಪೆಡ್ಡೂ ಸಾಗುತ್ತಿದೆ, ಆದರೂ ಅದು ಕಂಬದ ಮರೆಯಿಂದ ಹೊರಬರುವುದಿಲ್ಲ. ಕಾಗದದ ಮೇಲೆ ಗೆರೆ ಎಳೆದು ನೋಡಿದ ಮೇಲೆ ಅರ್ಥವಾಯಿತು. ಎರಡು ಗಾಡಿಗಳು ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ತಲುಪುವಂತೆ, ಉಳಿದ ದೂರವನ್ನು ಒಂದೇ ಪ್ರಮಾಣದಲ್ಲಿ ಸವೆಸುತ್ತ ಬರುತ್ತಿದ್ದರೆ, ಒಂದರ ಗಾಜಿನ ಮೇಲೆ ಇನ್ನೊಂದು ಜರುಗುವುದಿಲ್ಲ. ಇದ್ದಲ್ಲೇ ಇದ್ದು ದೊಡ್ಡದಾಗುತ್ತದೆ. ತಪ್ಪಿಸಿಕೊಂಡು ಹೋಗುವ ಗಾಡಿ ಗಾಜಿನ ಮೇಲೆ ಓಡುತ್ತದೆ, ಕಣ್ಣಿಗೆ ಬೀಳುತ್ತದೆ. ಗುದ್ದುವ ಗಾಡಿಯೇ ಅಲುಗಾಡದೆ ಕೂತಿರುತ್ತದೆ. ಇದು ಗೊತ್ತಾದಾಗ ನನಗೆ ನಿಜವಾಗಿಯೂ ಭಯವಾಯಿತು. ಅಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಸರ್ಕಲ್ಲಿನಲ್ಲಿ ಸುತ್ತಮುತ್ತ ನೋಡಿ ನೋಡಿ ಕತ್ತು ನೋವು ಬಂತು.

ಮನುಷ್ಯನಿಗೆ ಎರಡು ಕಣ್ಣು, ಕ್ಯಾಮೆರಾಕ್ಕೆ ಒಂದೇ. ಹಾಗಾಗಿ ಎರಡು ಕಣ್ಣಿನ ಜಾಗದಿಂದ ಬೇರೆ ಬೇರೆ ಚಿತ್ರ ತೆಗೆದು ಒಂದರ ಮೇಲೊಂದು ಇಟ್ಟೆ. ಮರೆ ಕಿರಿದಾಯಿತೇ ಹೊರತು ಮಾಯವಾಗಲಿಲ್ಲ. ಎರಡೂ ಕಣ್ಣಿಗೆ ಕಾಣದ ಒಂದು ಪಟ್ಟಿ ಉಳಿಯಿತು, ಗಾಡಿ ಕೊನೆಯ ಕ್ಷಣದವರೆಗೂ ಅದರೊಳಗೇ ಇತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ಸುಮ್ಮನಿರಲಿಲ್ಲ. ಗುಬ್ಬಿಯಲ್ಲಿ ಡ್ರೈವರ್ ತಲೆ ಸರಿಸಿದಾಗ ಗಾಜಿನ ಮರ ಕಳಚಿಕೊಂಡದ್ದು ನೆನಪಾಗಿ, ಕ್ಯಾಮೆರಾವನ್ನು ಸ್ವಲ್ಪ ಮುಂದಕ್ಕೆ ಜರುಗಿಸಿ ಇನ್ನೊಂದು ಸಾಲು ತೆಗೆದೆ. ಮುಂದಕ್ಕೆ ಬಗ್ಗಿ ನೋಡಿದ ಡ್ರೈವರಿಗೆ ಕಾಣುವ ಸಾಲು ಅದು. ಅದರಲ್ಲಿ ಗೌಡರು, ಮೊಪೆಡ್ಡು, ಹಾಲಿನ ಕ್ಯಾನು, ಎಲ್ಲವೂ ಇದ್ದವು.

ವಕೀಲರನ್ನೂ ಡ್ರೈವರನ್ನೂ ಕರೆಸಿ ಮೊದಲ ಸಾಲು ತೋರಿಸಿದೆ. ಕಂಬ ಅಡಗಿಸಿ, ಮತ್ತೆ ತಂದು ತೋರಿಸಿದೆ. ಡ್ರೈವರ್ ಮುಂದಕ್ಕೆ ಬಾಗಿ ಪರದೆಯ ಮೇಲೆ ಬೆರಳಿಟ್ಟರು. “ಇಲ್ಲೇ ಅವ್ರೆ. ಇಲ್ಲೇ ಇದ್ದು ಕಾಣ್ತಿಲ್ಲ” ಎಂದರು. ಆಮೇಲೆ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. “ನಿದ್ದೆ ಅಲ್ಲ ಮೇಡಂ. ನಾನ್ ಎದ್ದೇ ಇದ್ದೆ.”

ಎರಡನೇ ಸಾಲನ್ನೂ ತೋರಿಸಿದೆ. ತೋರಿಸದಿರಲು ಮನಸ್ಸು ಬರಲಿಲ್ಲ. ಡ್ರೈವರ್ ಕೈಯಲ್ಲಿದ್ದ ಕರ್ಚೀಫು ಹಾಗೇ ನಿಂತಿತು.

“ಇದು ಬೇಡ” ಎಂದರು ವಕೀಲರು. “ಇದನ್ನ ಯಾರು ಕೇಳಿದ್ರು ನಿಮ್ಮನ್ನ?”

“ಡ್ರೈವರ್‌ಗಳು ತಲೆ ಆಡಿಸಲ್ವಾ ಸಾರ್?”

“ಆಡಿಸ್ತಾರೋ ಬಿಡ್ತಾರೋ, ಅದನ್ನ ಅವ್ರ ಕಡೆ ವಕೀಲರು ಕೇಳ್ಲಿ. ನಮ್ಮ ಕೈಯಾರೆ ನಾವೇ ಹಗ್ಗ ಹೊಸೆದು ಕೊಡೋದಾ?”

“ಕೊಟ್ರೆ ಎರಡೂ ಕೊಡ್ತೀನಿ. ಇಲ್ಲಾಂದ್ರೆ ಒಂದೂ ಇಲ್ಲ” ಎಂದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅಂದು ಅದಕ್ಕೆ ಒಳ್ಳೆಯ ಕೆಲಸ ಸಿಕ್ಕಿತು. ಡ್ರೈವರ್ ಕರ್ಚೀಫು ಮಡಚಿ ಜೇಬಿಗಿಟ್ಟು ಎದ್ದರು. ಮೆಟ್ಟಿಲಿಳಿದು ಹೋಗುವಾಗ ಗೋಡೆ ಹಿಡಿದುಕೊಂಡು ಇಳಿದರು.

ಇಷ್ಟರಲ್ಲಿ ಸುದ್ದಿ ಗೌಡರ ಕಿವಿಗೆ ಬಿತ್ತು. ಫೋನಿನಲ್ಲೇ ಕೂಗಾಡಿದರು. “ಏನವ್ವಾ, ನನ್ನನ್ನೇ ಮಾಯ ಮಾಡ್ಬುಟ್ಯಂತೆ? ನನ್ ಬಾಯಿಂದ್ಲೇ ಅಳತೆ ಈಸ್ಕಂಡು ನನ್ನೇ ಅಳ್ಸ್ಬುಟ್ಟೆ. ಕಂಪ್ಯೂಟ್ರಲ್ಲಿ ಏನ್ ಬೇಕಾದ್ರೂ ಮಾಡ್ಬೋದು, ನಂಗೇನ್ ಗೊತ್ತಾಗಲ್ವಾ?”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಏನು ಬೇಕಾದರೂ ಮಾಡಬಹುದು. ಸೊಳ್ಳೆ ಮಾಡಿದ್ದು ನಾನೇ. ಇನ್ನೆಷ್ಟು ನುಣುಪಾದ ಚಿತ್ರ ತೆಗೆದರೂ ಅವರು ನಂಬುವಂತಿರಲಿಲ್ಲ, ನಂಬಬೇಕೆಂದು ಕೇಳಲು ನನಗೂ ಬಾಯಿರಲಿಲ್ಲ. ಫೋನು ಹಿಡಿದು ಕಿಟಕಿಯ ಬಳಿ ನಿಂತವಳು ಒಂದು ನಿರ್ಧಾರಕ್ಕೆ ಬಂದೆ. “ಗೌಡ್ರೆ, ಚಿತ್ರ ಬಿಡಿ. ಬಸ್ಸನ್ನೇ ತರಿಸ್ತೀನಿ. ಡ್ರೈವರ್ ಸೀಟಲ್ಲಿ ನೀವೇ ಕೂತ್ಕೊಂಡು ನೋಡಿ” ಎಂದೆ.

“ಕೋರ್ಟಲ್ಲಿ ಇದಕ್ಕೆ ಮೂರು ಕಾಸಿನ ಬೆಲೆ ಇಲ್ಲ” ಎಂದರು ವಕೀಲರು. ಆದರೂ ಬಂದರು. ಬಸ್ಸಿನ ಮಾಲೀಕರು ಬೇರೊಬ್ಬ ಡ್ರೈವರ್ ಕೈಯಲ್ಲಿ ಬಸ್ಸು ಕಳಿಸಿದರು. ಕೇಸು ಇಂದಿಗೂ ನಡೆಯುತ್ತಿದೆ, ವಕೀಲರು ಕೊನೆಗೆ ಗೊಣಗುತ್ತಲೇ ಒಪ್ಪಿ ಕೊಟ್ಟ ಎರಡೂ ಸಾಲಿನ ಚಿತ್ರಗಳು ಕೋರ್ಟಿನಲ್ಲಿವೆ, ತೀರ್ಪು ಏನಾಗುತ್ತದೋ ನನಗೆ ತಿಳಿಯದು. ನಾನು ಕಂಡದ್ದು ಆ ಬೆಳಗ್ಗೆ ಮಾತ್ರ.

ಬಸ್ಸನ್ನು ಮೋರಿಯ ಈಚೆ, ಚಿತ್ರದಲ್ಲಿ ಇದ್ದ ಜಾಗದಲ್ಲೇ ರಸ್ತೆಯಂಚಿಗೆ ನಿಲ್ಲಿಸಿದೆವು. ಹಳೆಯ ದಾರಿ ರಸ್ತೆಯ ಬಳಿ ಮುಚ್ಚಿದ್ದರೂ ತೋಟದ ಒಳಗೆ ಹಾಗೇ ಇತ್ತು. ಅದರ ಮೇಲೆ, ಆ ಕ್ಷಣಕ್ಕೆ ಮೊಪೆಡ್ ಇರಬೇಕಾದಲ್ಲಿ ಸುಣ್ಣದ ಪುಡಿ ಹಾಕಿದೆ. ಗೌಡರ ಹೆಂಡತಿ ಕೆಂಪು ಸೀರೆ ಉಟ್ಟು, ಹಾಲಿನ ಕ್ಯಾನು ಹಿಡಿದು ಅಲ್ಲಿಗೆ ನಡೆದು ಹೋದರು. ಗೌಡರನ್ನು ಇಬ್ಬರು ಹಿಡಿದು ಬಸ್ಸು ಹತ್ತಿಸಿ, ಡ್ರೈವರ್ ಸೀಟಿನಲ್ಲಿ ಕೂರಿಸಿದರು. ನಾನು ಅವರ ಹಿಂದೆ ನಿಂತೆ. ನಮ್ಮ ಡ್ರೈವರ್ ಬಸ್ಸಿನ ಒಳಗೆ, ಇಂಜಿನ್ನಿನ ಪಕ್ಕ ನಿಂತಿದ್ದರು. ತಾವು ಕೂರುತ್ತಿದ್ದ ಸೀಟಿನ ಕಡೆ ಅವರು ನೋಡುತ್ತಿರಲಿಲ್ಲ.

ಗೌಡರು ಕಾಲು ಸರಿಮಾಡಿಕೊಂಡು, ಬೆನ್ನು ಒರಗಿಸಿ, ರಸ್ತೆ ನೋಡಿದರು. ಬಲಕ್ಕೆ ನೋಡಿದರು. ಮತ್ತೆ ರಸ್ತೆ ನೋಡಿದರು.

“ನಮ್ಮೋಳು ಇನ್ನೂ ಹೋಗ್ಲಿಲ್ವಾ?”

“ಹೋಗಿ ನಿಂತವ್ರೆ ಗೌಡ್ರೆ” ಎಂದೆ.

“ಎಲ್ಲವ್ಳೆ?”

ಪಕ್ಕದ ಕಿಟಕಿಯಿಂದ ನನಗೆ ಕೆಂಪು ಸೀರೆ ಚೆನ್ನಾಗಿಯೇ ಕಾಣುತ್ತಿತ್ತು. ಆಕೆ ಕೈ ಬೀಸುತ್ತಲೂ ಇದ್ದರು. ಗೌಡರು ಕಣ್ಣು ಕಿರಿದು ಮಾಡಿದರು. ಬಲಗಡೆಯ ತೋಟವನ್ನು ಮರ ಮರ ಹುಡುಕಿದರು. “ಲೇ, ಎಲ್ಲಿದೀಯೇ?” ಎಂದು ಕೂಗಿದರು.

“ಇಲ್ಲೇ ಇವ್ನಿ ಕಣಿ, ಕಾಣಾಕಿಲ್ವಾ?” ಎಂದು ಧ್ವನಿ ಬಂತು.

ಧ್ವನಿ ಬಂದ ಕಡೆಗೆ ಗೌಡರು ಮುಂದಕ್ಕೆ ಬಗ್ಗಿದರು. ಕಂಬದ ಪಕ್ಕದಿಂದ ಹೆಂಡತಿ ಹೊರಬಂದರು. ಅವರು ಹಿಂದಕ್ಕೆ ಒರಗಿದರು, ಹೆಂಡತಿ ಇಲ್ಲ. ಮತ್ತೆ ಬಗ್ಗಿದರು, ಇದ್ದಾರೆ. ಬೆರಳು ಚಾಚಿ ತಾವು ಬಗ್ಗಿದ್ದು ಎಷ್ಟೆಂದು ಸ್ಟೇರಿಂಗಿನ ಮೇಲೆ ಅಳೆದುಕೊಂಡರು. ಆಮೇಲೆ ಬೆರಳನ್ನು ಹಾಗೇ ಚಾಚಿಕೊಂಡು ಡ್ರೈವರ್ ಕಡೆ ತಿರುಗಿದರು.

“ಇಷ್ಟೇನಾ ಸಾಬ್ರೆ? ಒಂದ್ ಗೇಣು?”

ಬಾಗಿಲ ಬಳಿ ನಿಂತಿದ್ದ ವಕೀಲರು ಜೋರಾಗಿ ಕೆಮ್ಮಿದರು. ಡ್ರೈವರ್ ಅವರ ಕಡೆ ನೋಡಲಿಲ್ಲ.

“ಒಂದ್ ಗೇಣೇ ಗೌಡ್ರೆ” ಎಂದರು. “ಬಗ್ಗಿದ್ರೆ ಕಾಣ್ತಿದ್ರಿ. ನಾನ್ ಬಗ್ಗಲಿಲ್ಲ.”

ಗೌಡರು ಚಾಚಿದ ಬೆರಳುಗಳನ್ನು ಮಡಚಿದರು. “ನೀವ್ ನೋಡಿದ್ರಿ ಅನ್ಕಂಡೇ ನಾನೂ ನುಗ್ಗಿದ್ದು” ಎಂದರು. ಆಮೇಲೆ, “ಕೈ ಕೊಡಿ. ಇಳೀಬೇಕು” ಎಂದು ಡ್ರೈವರ್ ಕಡೆ ಕೈ ಚಾಚಿದರು. ಹತ್ತಿಸಿದ ಇಬ್ಬರು ಮುಂದೆ ಬಂದರು. ಗೌಡರು ಅವರಿಗೆ ತಲೆಯಾಡಿಸಿ ಬೇಡವೆಂದರು. ಡ್ರೈವರ್ ಅವರ ಕಂಕುಳಿಗೆ ಹೆಗಲು ಕೊಟ್ಟು, ತಾವು ಮೊದಲು ಒಂದು ಮೆಟ್ಟಿಲು ಇಳಿದು, ಆ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿನ ಮೆಟ್ಟಿಲಿಗೆ ಊರಿಸಿದರು.